ಅಡಿಕೆ ಸುಗ್ಗಿ, ಬೇಗ ಕತ್ತಲು: ಮನೆಗೆ ಬೀಗ ಹಾಕಿ ಹೋಗುವವರು ತಿಳಿದಿರಬೇಕಾದದ್ದು

ಕಡೂರು/ತರೀಕೆರೆ/ಅಜ್ಜಂಪುರ: ಜೂನ್ ಕೊನೆಯಲ್ಲಿ ಈ ಭಾಗದಲ್ಲಿ ಸೂರ್ಯ ಮುಳುಗುವುದು ಸಂಜೆ 7 ಗಂಟೆ ಹತ್ತಿರ. ನವೆಂಬರ್ ಕೊನೆಗೆ 6 ಗಂಟೆಗೂ ಮೊದಲೇ ಹೊತ್ತು ಮುಳುಗುತ್ತದೆ. ಒಂದು ಗಂಟೆ ಬೆಳಕು ಕಮ್ಮಿ. ಅಡಿಕೆ ಕೊಯ್ಲು ಬರುವುದೂ ಇದೇ ಸಮಯಕ್ಕೆ. ತರೀಕೆರೆ, ಲಕ್ಕವಳ್ಳಿ, ಲಿಂಗದಹಳ್ಳಿ ಕಡೆ ಮನೆಮಂದಿಯೆಲ್ಲ ತೋಟದಲ್ಲಿ, ಇಲ್ಲಾಂದ್ರೆ ಅಡಿಕೆ ಸುಲಿಯುವ, ಬೇಯಿಸುವ ಜಾಗದಲ್ಲಿ ಇರ್ತಾರೆ. ಕತ್ತಲಾಗಿ ಎರಡು ಗಂಟೆ ಆದರೂ ಊರೊಳಗಿನ ಮನೆಗೆ ಬೀಗ. ಮಾಲು ಮಾರಿದ ದುಡ್ಡು ಮಾತ್ರ ಒಳಗೇ ಇರುತ್ತದೆ. ಮನೆಗಳ್ಳತನಕ್ಕೆ ಇದಕ್ಕಿಂತ ಒಳ್ಳೆ ಸೀಸನ್ ಬೇಕಾ?

ಬೀಗ ಕಂಡರೆ ಮನೆ ಖಾಲಿ ಅಂತ ಅರ್ಥ

ಹೊರಗಿನ ಚಿಲಕಕ್ಕೆ ನೇತು ಹಾಕಿದ ದೊಡ್ಡ ಬೀಗ ರಸ್ತೆಯಲ್ಲಿ ಹೋಗುವವನಿಗೆ ಮೊದಲು ಹೇಳುವುದೇ ಮನೆಯಲ್ಲಿ ಯಾರೂ ಇಲ್ಲ ಅಂತ. ಬೀಗ ಎಷ್ಟೇ ಗಟ್ಟಿ ಇದ್ದರೂ ಹಳೇ ಬಾಗಿಲಿನ ಕೊಂಡಿ ಕಬ್ಬಿಣದ ರಾಡಿಗೆ ಕಿತ್ತು ಬರುತ್ತದೆ. ಬಾಗಿಲೊಳಗೇ ಕೂರುವ ಲಾಕ್ ಇದ್ದರೆ ಹೊರಗಿನಿಂದ ಗೊತ್ತಾಗುವುದಿಲ್ಲ. ಅದು ಆಗದಿದ್ದರೆ ಮುಂಬಾಗಿಲನ್ನು ಒಳಗಿನಿಂದ ಹಾಕಿ, ಹಿತ್ತಿಲ ಬಾಗಿಲಿಗೆ ಬೀಗ ಹಾಕಿಕೊಂಡು ಹೋಗಬಹುದು. ಆದರೆ ಹಿತ್ತಿಲಲ್ಲಿ ಬೆಳಕಿರಬೇಕು, ಇಲ್ಲದಿದ್ದರೆ ಕಳ್ಳರಿಗೇ ಅನುಕೂಲ.

ಬೀಗದ ಕೈಯನ್ನು ಕಿಟಕಿ ಸಂದು, ಚಪ್ಪಲಿ ಗೂಡು, ಹೂವಿನ ಕುಂಡದಲ್ಲಿ ಇಡುವ ಅಭ್ಯಾಸ ಮೂರೂ ತಾಲ್ಲೂಕಿನಲ್ಲಿ ಇನ್ನೂ ಹೋಗಿಲ್ಲ. ಕಳ್ಳರು ಹುಡುಕುವುದೂ ಅಲ್ಲೇ. ಪಕ್ಕದ ಮನೆಯವರ ಕೈಗೆ ಕೊಟ್ಟು ಹೋಗುವುದು ವಾಸಿ. ಹೊರಗಿನ ದೀಪವನ್ನು ಹಗಲು ರಾತ್ರಿ ಉರಿಯಲು ಬಿಡಬೇಡಿ. ಮಧ್ಯಾಹ್ನವೂ ದೀಪ ಉರಿಯುತ್ತಿದ್ದರೆ ಯಾರೂ ಇಲ್ಲ ಅನ್ನುವುದು ಗೊತ್ತಾಗುತ್ತದೆ. ಸಂಜೆ ತಾನೇ ಹತ್ತಿ ಬೆಳಿಗ್ಗೆ ಆರುವ ಸೆನ್ಸರ್ ಬಲ್ಬ್ ಎಲೆಕ್ಟ್ರಿಕಲ್ ಅಂಗಡಿಗಳಲ್ಲಿ ಸಿಗುತ್ತದೆ. ಬೀದಿದೀಪ ಕೆಟ್ಟಿದ್ದರೆ ಗ್ರಾಮ ಪಂಚಾಯಿತಿಗೆ, ಪಟ್ಟಣದಲ್ಲಿ ಪುರಸಭೆ ಅಥವಾ ಪಟ್ಟಣ ಪಂಚಾಯಿತಿಗೆ ಬರೆದು ಕೊಡಿ. ಕರೆಂಟೇ ಹೋಗಿದ್ದರೆ ಮೆಸ್ಕಾಂ ಸಹಾಯವಾಣಿ 1912.

ಮದುವೆ, ಜಾತ್ರೆ ಅಂತ ಎರಡು ಮೂರು ದಿನ ಊರು ಬಿಡುವವರು ತಮ್ಮ ಠಾಣೆಗೆ, ಇಲ್ಲವೇ ಊರಿನ ಬೀಟ್ ಪೊಲೀಸರಿಗೆ ಹೇಳಿ ಹೋಗಿ. ಇದಕ್ಕೆ ಶುಲ್ಕವಿಲ್ಲ. ರಾಜ್ಯದಲ್ಲಿ 2025ರ ಜುಲೈನಲ್ಲಿ 'ಮನೆ ಮನೆಗೆ ಪೊಲೀಸ್' ಶುರುವಾದ ಮೇಲೆ ಬೀಟ್ ಸಿಬ್ಬಂದಿ ಮನೆ ಬಾಗಿಲಿಗೇ ಬರಬೇಕು. ಬಂದಾಗ ಅವರ ನಂಬರ್ ಬರೆದಿಟ್ಟುಕೊಳ್ಳಿ. ಪ್ರವಾಸದ ಫೋಟೋವನ್ನು ವಾಟ್ಸ್‌ಆ್ಯಪ್ ಸ್ಟೇಟಸ್‌ಗೆ ವಾಪಸ್ ಬಂದ ಮೇಲೆ ಹಾಕಿದರೂ ನಡೆಯುತ್ತೆ.

ಕಣ, ತೋಟ, ಅಂಗಡಿ

ಕ್ವಿಂಟಲ್ ಕೆಂಪಡಿಕೆ 40 ಸಾವಿರ ರೂಪಾಯಿ ದಾಟಿದ ಮೇಲೆ ಕಣದಲ್ಲಿ ಒಣಗಲು ಹಾಕಿದ ಅಡಿಕೆಯೂ ಚಿನ್ನದ ಲೆಕ್ಕವೇ. ರಾತ್ರಿ ರಾಶಿ ಮಾಡಿ ಟಾರ್ಪಾಲ್ ಮುಚ್ಚಿದರೆ ಮಂಜಿನಿಂದ ಕಾಯಬಹುದು, ಕಳ್ಳರಿಂದ ಅಲ್ಲ. ಒಣಗಿದ್ದನ್ನು ಅಂದಂದೇ ಚೀಲ ಮಾಡಿ, ಎಣಿಸಿ, ಒಳಗಿಡಬೇಕು. ಲೆಕ್ಕ ಬರೆದಿಡದವರಿಗೆ ಎರಡು ಚೀಲ ಹೋದದ್ದು ಗೊತ್ತಾಗುವುದು ಮಾರುವ ದಿನವೇ. ಕಡೂರು ಕಡೆ ತೆಂಗು, ಕೊಬ್ಬರಿ ಇಟ್ಟವರಿಗೂ ಇದೇ ಮಾತು. ಬೋರ್‌ವೆಲ್ ಮೋಟರ್ ಕೇಬಲ್ ತಾಮ್ರದ ಆಸೆಗೆ ಹೋಗುತ್ತದೆ. ಆದಷ್ಟೂ ಪೈಪಿನೊಳಗೆ ಹಾಕಿ ಹೂಳುವುದು ಒಳ್ಳೆಯದು.

ಅಂಗಡಿಯವರು ಶಟರ್‌ನ ಎರಡು ತುದಿಗೆ ಬೀಗ ಹಾಕಿ ನಡುವೆ ಬಿಡುತ್ತಾರೆ. ಎತ್ತುವುದು ಅಲ್ಲೇ. ಸೆಂಟರ್ ಲಾಕ್ ಇರಲಿ. ರಾತ್ರಿ ಗಲ್ಲಾ ಖಾಲಿ ಮಾಡಿ, ಡ್ರಾಯರ್ ತೆರೆದೇ ಬಿಡಿ. ಸಿಸಿ ಕ್ಯಾಮೆರಾ ಎಲ್ಲರೂ ಹಾಕಿಸಿದ್ದಾರೆ, ಆದರೆ ಅದರ ಡಿವಿಆರ್ ಪೆಟ್ಟಿಗೆ ಗಲ್ಲಾದ ಪಕ್ಕದಲ್ಲೇ ಕೂತಿರುತ್ತದೆ. ಕಳ್ಳ ಅದನ್ನೂ ಹೊತ್ತುಕೊಂಡು ಹೋದರೆ ಏನು ನೋಡುವುದು? ಬೇರೆ ಕಡೆ ಮುಚ್ಚಿಡಿ. ಅದರಲ್ಲಿ ದಿನಾಂಕ, ಗಂಟೆ ಸರಿ ಇದೆಯಾ ಅಂತ ತಿಂಗಳಿಗೊಮ್ಮೆ ನೋಡಿ.

ಚಳಿಗೆ ಕೆಂಡ, ಮುಚ್ಚಿದ ಕೋಣೆ

ಕಳ್ಳನಿಗಿಂತ ದೊಡ್ಡ ಅಪಾಯ ಇದು. ಇದ್ದಿಲ ಕೆಂಡದಿಂದ ಹೊರಡುವ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ. ಹೊಗೆ ಕಾಣುತ್ತಿಲ್ಲ ಅಂದರೆ ಅನಿಲ ಇಲ್ಲ ಅಂತಲ್ಲ. ಮಲಗಿದವರಿಗೆ ಎಚ್ಚರವೇ ಆಗುವುದಿಲ್ಲ. 2025ರ ನವೆಂಬರ್‌ನಲ್ಲಿ ಬೆಳಗಾವಿಯ ಅಮನ್ ನಗರದಲ್ಲಿ ಚಳಿಗೆ ಅಂತ ಕೋಣೆಯೊಳಗೆ ಇದ್ದಿಲು ಹೊತ್ತಿಸಿ ಮಲಗಿದ್ದ ಮೂವರು ಯುವಕರು ಸತ್ತರು. ಬಾಣಂತಿ ಕೋಣೆ, ವಯಸ್ಸಾದವರು ಮಲಗುವ ಕೋಣೆ, ಅಡಿಕೆ ಕಾಯುವವರ ಶೆಡ್ಡು, ಮೂರೂ ಕಡೆ ಕೆಂಡ ಇಡುವ ರೂಢಿ ಇದೆ. ಮೈ ಕಾಯಿಸಿಕೊಂಡ ಮೇಲೆ, ಮಲಗುವ ಮೊದಲು ಅಗ್ಗಿಷ್ಟಿಕೆ ಅಂಗಳಕ್ಕೆ ಹೋಗಬೇಕು. ಕಿಟಕಿ ಸ್ವಲ್ಪ ತೆಗೆದಿದ್ದೀವಿ ಅನ್ನುವುದು ಸಾಲದು. ತಲೆನೋವು, ವಾಕರಿಕೆ, ತಲೆ ತಿರುಗುವುದು ಒಟ್ಟಿಗೆ ಎಲ್ಲರಿಗೂ ಬಂದರೆ ತಕ್ಷಣ ಹೊರಗೆ ಬನ್ನಿ, 108ಕ್ಕೆ ಕರೆ ಮಾಡಿ.

ತೋಟದ ಮನೆಯವರಿಗೆ ಚಿರತೆ ಭಯವೂ ಉಂಟು. ಮಬ್ಬುಗತ್ತಲಲ್ಲಿ ಮಕ್ಕಳನ್ನು ಒಂಟಿಯಾಗಿ ಬಿಡಬೇಡಿ. ನಾಯಿ, ಕರು ಬಯಲಲ್ಲಿ ಕಟ್ಟಿದರೆ ಚಿರತೆಯನ್ನು ಮನೆ ಹತ್ತಿರ ಕರೆದಂತೆ. ಅರಣ್ಯ ಇಲಾಖೆ ಸಹಾಯವಾಣಿ 1926.

ಕಳವಾಗಿದ್ದರೆ

ಬಾಗಿಲು ಮುರಿದಿರುವುದು ಕಂಡರೆ ಒಳಗೆ ಹೋಗಬೇಡಿ. ಕಳ್ಳ ಇನ್ನೂ ಒಳಗಿರಬಹುದು. ಹೊರಗಿನಿಂದಲೇ 112ಕ್ಕೆ ಕರೆ ಮಾಡಿ. ಬೀರು, ಬೀಗ ಮುಟ್ಟಿದರೆ ಬೆರಳಚ್ಚು ಹಾಳಾಗುತ್ತದೆ. ಊರವರೆಲ್ಲ ಒಳಗೆ ಬಂದು ನೋಡಿ ಹೋದ ಮೇಲೆ ಶ್ವಾನದಳಕ್ಕೂ ಕೆಲಸ ಕಷ್ಟ.

ದೂರಿನಲ್ಲಿ ಗಂಟೆ ಸರಿಯಾಗಿ ಬರೆಸಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 331ನೇ ಕಲಂ ಪ್ರಕಾರ ಕಳ್ಳತನಕ್ಕೆಂದು ಮನೆ ಮುರಿದರೆ 10 ವರ್ಷದವರೆಗೆ ಜೈಲು. ಸೂರ್ಯ ಮುಳುಗಿದ ಮೇಲೆ, ಹುಟ್ಟುವ ಮೊದಲು ಮುರಿದಿದ್ದರೆ 14 ವರ್ಷದವರೆಗೆ. ಎಫ್‌ಐಆರ್ ಪ್ರತಿ ಉಚಿತ, ಕೇಳಿ ಪಡೆಯಿರಿ. ಘಟನೆ ಬೇರೆ ಠಾಣೆ ವ್ಯಾಪ್ತಿಯದು ಅಂತ ವಾಪಸ್ ಕಳಿಸುವಂತಿಲ್ಲ. ಠಾಣೆಯಲ್ಲಿ ದೂರು ತೆಗೆದುಕೊಳ್ಳದಿದ್ದರೆ ಚಿಕ್ಕಮಗಳೂರಿನ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗೆ ಅಂಚೆಯಲ್ಲಿ ಬರೆದು ಕಳಿಸಬಹುದು.

ಮೊಬೈಲ್ ಹೋಗಿದ್ದರೆ ದೂರಿನ ಪ್ರತಿ, 15 ಅಂಕಿಯ ಐಎಂಇಐ ನಂಬರ್ ಕೊಟ್ಟು ಸಿಇಐಆರ್ ಪೋರ್ಟಲ್‌ನಲ್ಲಿ ಬ್ಲಾಕ್ ಮಾಡಿಸಬಹುದು. ಫೋನಿನಲ್ಲಿ *#06# ಒತ್ತಿದರೆ ಆ ನಂಬರ್ ಬರುತ್ತದೆ, ಈಗಲೇ ಒಂದು ಚೀಟಿಯಲ್ಲಿ ಬರೆದಿಡಿ. ಒಡವೆ ಸಿಕ್ಕರೂ ಕೈಗೆ ಬರುವುದು ಕೋರ್ಟ್ ಮೂಲಕ, ಅದಕ್ಕೆ ನಿಮ್ಮದೇ ಅಂತ ತೋರಿಸಬೇಕು. ಬಿಲ್ ಇಲ್ಲದ ಹಳೇ ಒಡವೆಗಳನ್ನು ಒಂದೊಂದಾಗಿ ಫೋಟೋ ತೆಗೆದು, ಬೇರೆ ಊರಲ್ಲಿರುವ ಮಗನಿಗೋ ಮಗಳಿಗೋ ಕಳಿಸಿಡಿ. ಬಿಲ್ ಇದ್ದರೆ ಒಡವೆ ಇಟ್ಟ ಬೀರುವಿನಲ್ಲೇ ಇಡಬೇಡಿ.