ಸೊರಟೂರ ಸೀಮೆಯಲ್ಲಿ ಸುದ್ದಿ ಸಾರಿದ ಬಗೆ: ಪ್ರಶಸ್ತಿಯಿಂದ ಕ್ಲಿಕ್‌ಬೈಟ್‌ವರೆಗೆ

ಗದಗ ಜಿಲ್ಲೆಯ ಸೊರಟೂರ ಗ್ರಾಮಕ್ಕೆ ಕರ್ನಾಟಕದ ಚರಿತ್ರೆಯಲ್ಲಿ ಸ್ಥಾನ ದೊರೆತದ್ದು ಸುಮಾರು 1190ರಲ್ಲಿ ಅಲ್ಲಿ ನಡೆದ ಕಾಳಗದಿಂದ. ಸೇವುಣ ದೊರೆ ಐದನೆಯ ಭಿಲ್ಲಮನನ್ನು ಹೊಯ್ಸಳ ದೊರೆ ಇಮ್ಮಡಿ ವೀರಬಲ್ಲಾಳನು ಸೋಲಿಸಿದ ಈ ಸಂಗತಿಯನ್ನು ಸಾರುವ ಹೊಯ್ಸಳ ಶಾಸನಗಳು, ಭಿಲ್ಲಮನ ಪಡೆಯಲ್ಲಿ ಎರಡು ಲಕ್ಷ ಕಾಲಾಳುಗಳೂ 12,000 ಕುದುರೆಗಳೂ ಇದ್ದವೆಂದು ಬಣ್ಣಿಸುತ್ತವೆ. ಅರಸನ ಪರಾಕ್ರಮವನ್ನು ಹೊಗಳುವ ಶಾಸನಭಾಗವನ್ನು ಪ್ರಶಸ್ತಿ ಎನ್ನುತ್ತಾರೆ. ಅದರ ಅಂಕಿಗಳನ್ನು ಇತಿಹಾಸಕಾರರು ಅಕ್ಷರಶಃ ಒಪ್ಪುವುದಿಲ್ಲವಾದರೂ, ಗೆದ್ದವರು ಯಾರು, ದತ್ತಿ ಪಡೆದ ದೇವಾಲಯ ಯಾವುದು ಎಂಬ ಮುಖ್ಯ ವಿಷಯವನ್ನು ಅದೇ ಕಲ್ಲಿನಲ್ಲಿ ಎಲ್ಲರೆದುರಿಗೆ ಕೊರೆಯಿಸಲಾಗುತ್ತಿತ್ತು.

ಹಳ್ಳಿಗಳಲ್ಲಿ ಬಹುಕಾಲ ಉಳಿದುಬಂದ ಡಂಗುರದ ಪದ್ಧತಿಯಲ್ಲಿಯೂ ಹಲಗೆಯ ಸದ್ದು ಜನರ ಗಮನ ಸೆಳೆದೊಡನೆ, ಜಾತ್ರೆಯ ದಿನವನ್ನಾಗಲಿ ಕಂದಾಯದ ಗಡುವನ್ನಾಗಲಿ ಓಣಿ ಓಣಿಗೂ ಪೂರ್ತಿಯಾಗಿ ತಿಳಿಸಲಾಗುತ್ತಿತ್ತು. 1843ರ ಜುಲೈ 1ರಂದು ಹರ್ಮನ್ ಮೊಗ್ಲಿಂಗ್ ಆರಂಭಿಸಿದ 'ಮಂಗಳೂರ ಸಮಾಚಾರ'ದೊಂದಿಗೆ ಕನ್ನಡ ಪತ್ರಿಕೆ ಹುಟ್ಟಿತು; ಮುಂದೆ ಹುಬ್ಬಳ್ಳಿಯಿಂದ ದೈನಿಕವಾಗಿ ಹೊರಬಂದ 'ಸಂಯುಕ್ತ ಕರ್ನಾಟಕ' ಉತ್ತರ ಕರ್ನಾಟಕದ ಓದುಗರನ್ನು ಮುಟ್ಟಿತು. ಓದುಗನು ಇಡೀ ಸಂಚಿಕೆಗೆ ಹಣ ಕೊಡುತ್ತಿದ್ದುದರಿಂದ ಒಂದು ತಲೆಬರಹ ಮೋಸ ಮಾಡಿದರೆ ಪತ್ರಿಕೆಯ ಮೇಲಿನ ನಂಬಿಕೆಯೇ ಕುಂದುತ್ತಿತ್ತು. ಆದರೆ ಬಿಡಿ ಮಾರಾಟವನ್ನೂ ಜಾಹೀರಾತನ್ನೂ ನಂಬಿದ ಅಗ್ಗದ ಪತ್ರಿಕೆಗಳಲ್ಲಿ ಆಮಿಷ ಅಂದೂ ಇತ್ತು. ನ್ಯೂಯಾರ್ಕಿನ 'ಸನ್' 1835ರಲ್ಲಿ ಚಂದ್ರನ ಮೇಲೆ ಜೀವಿಗಳಿವೆಯೆಂಬ ಕಟ್ಟುಕಥೆಯನ್ನೇ ವರದಿಯೆಂದು ಅಚ್ಚು ಹಾಕಿತ್ತು.

ಆ ಆಮಿಷದ ಇಂದಿನ ರೂಪವಾದ ಕ್ಲಿಕ್‌ಬೈಟ್ ಎಂದರೆ ಸುದ್ದಿಯ ತಿರುಳನ್ನು ಬೇಕೆಂದೇ ಮರೆಮಾಡಿ, ಅಥವಾ ಒಳಗಿಲ್ಲದ್ದನ್ನು ಇದೆಯೆಂದು ನಂಬಿಸಿ, ಓದುಗನು ಕೊಂಡಿಯನ್ನು ಒತ್ತುವಂತೆ ಮಾಡುವ ತಲೆಬರಹ ಇಲ್ಲವೆ ಚಿತ್ರ. ತಿಳಿದದ್ದಕ್ಕೂ ತಿಳಿಯಬೇಕೆನಿಸಿದ್ದಕ್ಕೂ ನಡುವಿನ ಅಂತರವೇ ಕುತೂಹಲವನ್ನು ಕೆರಳಿಸುತ್ತದೆಂದು ಅರ್ಥಶಾಸ್ತ್ರಜ್ಞ ಜಾರ್ಜ್ ಲೋವೆನ್‌ಸ್ಟೈನ್ 1994ರಲ್ಲಿ ವಿವರಿಸಿದ್ದರು. ಅಂತರ್ಜಾಲದ ಜಾಹೀರಾತು ವ್ಯವಸ್ಥೆ ಆ ಅಂತರವನ್ನೇ ಬಂಡವಾಳ ಮಾಡಿಕೊಂಡಿತು. ಪುಟ ತೆರೆದ ಕ್ಷಣವೇ ಜಾಹೀರಾತು ಕಾಣಿಸಿಕೊಂಡು ಆದಾಯ ಹುಟ್ಟುವುದರಿಂದ, ಓದಿದವನಿಗೆ ತೃಪ್ತಿಯಾಯಿತೇ ಎಂಬ ಪ್ರಶ್ನೆಗೆ ಆ ಲೆಕ್ಕದಲ್ಲಿ ಜಾಗವಿಲ್ಲ.

2016ರ ನಂತರ ಮೊಬೈಲ್ ಡೇಟಾ ಅಗ್ಗವಾಗಿ ಹಳ್ಳಿಹಳ್ಳಿಗೆ ಹರಡಿದಾಗ ಈ ವ್ಯವಹಾರ ಕನ್ನಡದಲ್ಲಿಯೂ ಬೇರೂರಿತು. ನಟನಟಿಯರ ಸುದ್ದಿಗೆ 'ಯಾರು ಗೊತ್ತಾ?' ಎಂಬ ಬಾಲ ಹಚ್ಚುವುದರಿಂದ ಆಗುವ ನಷ್ಟ ಕೆಲವು ನಿಮಿಷಗಳದು. ಆದರೆ 'ರೈತರಿಗೆ ಸಿಹಿ ಸುದ್ದಿ' ಎಂಬ ತಲೆಬರಹದಡಿ ಹಳೆಯ ಆದೇಶವನ್ನೋ ಬೇರೆ ರಾಜ್ಯದ ಯೋಜನೆಯನ್ನೋ ತುಂಬಿದಾಗ ಹಾನಿ ಆಳವಾದದ್ದು. ಗದಗ ಸೀಮೆಯ ಎರೆಹೊಲಗಳಲ್ಲಿ ಹೆಸರು, ಮೆಣಸಿನಕಾಯಿ, ಉಳ್ಳಾಗಡ್ಡಿ ಬೆಳೆದು ಮಳೆಯನ್ನೇ ನೆಚ್ಚಿರುವ ರೈತನಿಗೆ ಸಾಲಮನ್ನಾ, ಬೆಳೆವಿಮೆ, ಬೆಳೆಪರಿಹಾರದ ಸುದ್ದಿಗಳು ಬದುಕಿನ ಪ್ರಶ್ನೆಗಳು. ಪದೇ ಪದೇ ಹುಸಿ ಭರವಸೆ ಕಂಡವನು ವಿಮೆಯ ಕಂತು ಕಟ್ಟುವ ನಿಜವಾದ ಕೊನೆಯ ದಿನದ ಸೂಚನೆಯನ್ನೂ ಸಂಶಯಿಸುವಂತಾಗುತ್ತದೆ.

ಇದನ್ನು ತಡೆಯುವ ಯತ್ನಗಳು ನಡೆದಿವೆ. ತಲೆಬರಹವು ಕೆಳಗಿನ ಬರಹಕ್ಕೆ ತಕ್ಕಂತಿರಬೇಕೆಂಬುದು ಭಾರತೀಯ ಪತ್ರಿಕಾ ಮಂಡಳಿಯ ಆಚಾರಸಂಹಿತೆಯ ನಿಯಮವಾಗಿದೆ. ಫೇಸ್‌ಬುಕ್ 2014ರಲ್ಲಿ ಇಂಥ ಕೊಂಡಿಗಳ ಹರಡುವಿಕೆಯನ್ನು ತಗ್ಗಿಸುವುದಾಗಿ ಪ್ರಕಟಿಸಿತು. ವಿಡಿಯೊದಲ್ಲಿ ಇಲ್ಲದ್ದನ್ನು ಶೀರ್ಷಿಕೆಯಲ್ಲಿಯೂ ಥಂಬ್‌ನೇಲ್ ಎಂಬ ಮುಖಚಿತ್ರದಲ್ಲಿಯೂ ತೋರಿಸುವವರ ಮೇಲೆ ಭಾರತದಲ್ಲಿ ಕ್ರಮ ಬಿಗಿಗೊಳಿಸುವುದಾಗಿ ಯೂಟ್ಯೂಬ್ 2024ರ ಡಿಸೆಂಬರಿನಲ್ಲಿ ಹೇಳಿತು. ಆದರೂ ಒತ್ತಿದ ಮಾತ್ರಕ್ಕೆ ಹಣ ಸಲ್ಲುವ ಏರ್ಪಾಡು ಉಳಿದಿರುವವರೆಗೆ ಆಮಿಷ ಹೊಸ ವೇಷದಲ್ಲಿ ಮರಳುತ್ತಲೇ ಇರುತ್ತದೆ. ಉತ್ಪ್ರೇಕ್ಷೆ ಸುದ್ದಿಯಷ್ಟೇ ಹಳೆಯದು, ಅದನ್ನು ಜನ ತೂಗಿ ನೋಡಬಲ್ಲರು. ತೂಗಬೇಕಾದ ಸಂಗತಿಯನ್ನೇ ಅಡಗಿಸಿ ಲಾಭ ಪಡೆಯುವುದು ಓದುಗನ ತೀರ್ಮಾನಶಕ್ತಿಗೆ ಎಸಗುವ ಅನ್ಯಾಯ.