ಕಾರಿನ ಬಣ್ಣದ ಗೀರುಗಳು: ಪಾಲಿಶ್ ಮತ್ತು ಮರುಬಣ್ಣ

ಕಾರಿನ ಹೊರಮೈಯ ಬಣ್ಣದ ಮೇಲೆ ಬಿದ್ದ ಗೀರನ್ನು ಉಜ್ಜಿ ನಯಗೊಳಿಸುವ ವಿಧಾನಕ್ಕೆ ಪಾಲಿಶ್ ಎಂದೂ, ಆ ಭಾಗದ ಬಣ್ಣವನ್ನು ತೀಡಿ ಹೊಸದಾಗಿ ಸಿಂಪಡಿಸುವ ವಿಧಾನಕ್ಕೆ ಮರುಬಣ್ಣ ಎಂದೂ ಹೆಸರು. ಮರುಬಣ್ಣವನ್ನು ಆಡುಮಾತಿನಲ್ಲಿ "ಪೇಂಟ್ ಹೊಡೆಸುವುದು" ಎನ್ನುತ್ತಾರೆ. ಪಾಲಿಶ್ ಇರುವ ಬಣ್ಣದಲ್ಲಿ ಒಂದಂಶವನ್ನು ತೆಗೆಯುತ್ತದೆ. ಮರುಬಣ್ಣ ಹೊಸ ಪದರಗಳನ್ನು ಸೇರಿಸುತ್ತದೆ. ಎರಡರಲ್ಲಿ ಯಾವುದು ತಕ್ಕದ್ದು ಎಂಬುದನ್ನು ಗೀರಿನ ಉದ್ದವಲ್ಲ, ಅದರ ಆಳವು ನಿರ್ಧರಿಸುತ್ತದೆ. ಕಾರ್ಖಾನೆಯಲ್ಲಿ ಹಚ್ಚಿದ ಮೂಲ ಬಣ್ಣವು ಒಮ್ಮೆ ಹೋದರೆ ಅದೇ ಗುಣದಲ್ಲಿ ಮರಳಿ ಬರುವುದು ಕಷ್ಟ. ಆದುದರಿಂದ ಅತ್ಯಂತ ಕಡಿಮೆ ಬಣ್ಣವನ್ನು ಕಳೆಯುವ ಉಪಾಯವನ್ನು ಮೊದಲು ಪ್ರಯತ್ನಿಸುವುದು ಈ ಕೆಲಸದ ಮೂಲ ನಿಯಮವಾಗಿದೆ.

ಬಣ್ಣದ ಪದರಗಳು

ಇಂದಿನ ಕಾರುಗಳ ಉಕ್ಕಿನ ಮೈಮೇಲೆ ಸಾಮಾನ್ಯವಾಗಿ ನಾಲ್ಕು ಪದರಗಳಿರುತ್ತವೆ.

1. ವಿದ್ಯುತ್ ಲೇಪನ: ಕಾರಿನ ಒಡಲನ್ನು ದ್ರಾವಣದಲ್ಲಿ ಮುಳುಗಿಸಿ, ವಿದ್ಯುತ್ತಿನ ಸಹಾಯದಿಂದ ಅಂಟಿಸುವ ತುಕ್ಕುನಿರೋಧಕ ಪದರ. ಸುಮಾರು 20 ಮೈಕ್ರಾನ್ ದಪ್ಪ.
2. ಪ್ರೈಮರ್: ಮೇಲ್ಮೈಯನ್ನು ಸಮಗೊಳಿಸುವ ಪದರ. ಸುಮಾರು 30ರಿಂದ 40 ಮೈಕ್ರಾನ್.
3. ಮೂಲವರ್ಣ: ಕಣ್ಣಿಗೆ ಕಾಣುವ ಬಣ್ಣ. ಸುಮಾರು 15ರಿಂದ 20 ಮೈಕ್ರಾನ್.
4. ಪಾರದರ್ಶಕ ಪದರ: ರೂಢಿಯಲ್ಲಿ ಕ್ಲಿಯರ್ ಕೋಟ್. ಸುಮಾರು 40ರಿಂದ 50 ಮೈಕ್ರಾನ್. ಹೊಳಪನ್ನು ಕೊಡುವುದೂ ಸೂರ್ಯನ ನೇರಳಾತೀತ ಕಿರಣಗಳನ್ನು ತಡೆಯುವುದೂ ಇದರ ಕೆಲಸ.

ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲು. ಎಲ್ಲ ಪದರಗಳೂ ಸೇರಿ ತಲೆಗೂದಲಿನ ದಪ್ಪದ ಎರಡರಷ್ಟಿಗಿಂತ ಹೆಚ್ಚಾಗುವುದು ಅಪರೂಪ. ಪಾಲಿಶ್ ಮಾಡಲು ದೊರೆಯುವುದು ಮೇಲಿನ ಪಾರದರ್ಶಕ ಪದರ ಮಾತ್ರ. ಅದನ್ನೂ ಪೂರ್ತಿಯಾಗಿ ಬಳಸುವಂತಿಲ್ಲ. ಕೆಲವೇ ಮೈಕ್ರಾನ್‌ಗಳಿಗಿಂತ ಹೆಚ್ಚು ತೆಗೆದರೆ ಉಳಿದ ಪದರವು ಬಿಸಿಲನ್ನು ತಡೆಯಲಾರದೆ ಕೆಲವು ವರ್ಷಗಳಲ್ಲಿ ಮಂಕಾಗಿ ಸಿಪ್ಪೆ ಏಳುತ್ತದೆ.

ಹಿನ್ನೆಲೆ

ಫೋರ್ಡ್ ಸಂಸ್ಥೆಯು ತನ್ನ ಮಾಡೆಲ್ ಟಿ ಕಾರನ್ನು 1914ರಿಂದ 1925ರವರೆಗೆ ಕಪ್ಪು ಬಣ್ಣದಲ್ಲಿ ಮಾತ್ರ ತಯಾರಿಸಿತು. 1923ರಲ್ಲಿ ಡುಪಾಂಟ್ ಸಂಸ್ಥೆಯ ಡುಕೋ ಎಂಬ ಬೇಗ ಒಣಗುವ ಬಣ್ಣ ಬಂದ ಮೇಲೆ ನಾನಾ ವರ್ಣದ ಕಾರುಗಳು ಸುಲಭವಾಗಿ ತಯಾರಾಗತೊಡಗಿದವು. ಭಾರತದ ಪೇಂಟರುಗಳ ಬಾಯಲ್ಲಿ ಸಿಂಪಡಿಸುವ ಬಣ್ಣಕ್ಕೆ ಇಂದಿಗೂ ಡುಕೋ ಎಂಬ ಹೆಸರು ಉಳಿದಿದೆ. ಅಂಬಾಸಿಡರ್ ಮತ್ತು ಪದ್ಮಿನಿ ಕಾರುಗಳ ಕಾಲದಲ್ಲಿ ಬಣ್ಣವೇ ಮೇಲ್ಪದರವಾಗಿತ್ತು. ಉಜ್ಜಿದರೆ ಬಟ್ಟೆಗೆ ಕಾರಿನ ಬಣ್ಣ ಹತ್ತುತ್ತಿತ್ತು. ಪ್ರತ್ಯೇಕ ಪಾರದರ್ಶಕ ಪದರದ ಪದ್ಧತಿ ಜಗತ್ತಿನಲ್ಲಿ 1980ರ ದಶಕದಿಂದ ವ್ಯಾಪಕವಾಯಿತು.

ಗೀರು ಬೀಳುವ ಕಾರಣಗಳು

ಗೀರುಗಳ ಸ್ವರೂಪವು ಊರಿನ ಮಣ್ಣು, ರಸ್ತೆ ಮತ್ತು ರೂಢಿಗಳನ್ನು ಅವಲಂಬಿಸಿರುತ್ತದೆ. ಕಲಬುರಗಿ ಜಿಲ್ಲೆಯ ಅಫಜಲಪುರ ತಾಲ್ಲೂಕಿನ ಗಾಣಗಾಪುರವನ್ನು ಉದಾಹರಣೆಯಾಗಿ ನೋಡಬಹುದು. ಭೀಮಾ ಮತ್ತು ಅಮರಜಾ ನದಿಗಳ ಸಂಗಮದ ಈ ದತ್ತ ಕ್ಷೇತ್ರಕ್ಕೆ ಕರ್ನಾಟಕದಿಂದಲೂ ಮಹಾರಾಷ್ಟ್ರದಿಂದಲೂ ಯಾತ್ರಿಕರ ವಾಹನಗಳು ಬರುತ್ತವೆ. ಇಲ್ಲಿಯೂ ನೆರೆಯ ಆಳಂದ, ಜೇವರ್ಗಿ ತಾಲ್ಲೂಕುಗಳಲ್ಲಿಯೂ ಕಾಣುವ ಮುಖ್ಯ ಕಾರಣಗಳು ಇವು:

* ಧೂಳು: ಎರೆಮಣ್ಣಿನ ಸೀಮೆಯಲ್ಲಿ ಬೇಸಿಗೆಯ ಧೂಳು ಕಾರಿನ ಮೇಲೆ ದಪ್ಪವಾಗಿ ಕೂರುತ್ತದೆ. ಒಣಬಟ್ಟೆಯಿಂದ ಒರೆಸಿದಾಗ ಅದರೊಳಗಿನ ಮರಳಿನ ಕಣಗಳು ಪಾರದರ್ಶಕ ಪದರವನ್ನು ಗೀಚುತ್ತವೆ. ಬಿಸಿಲಿನಲ್ಲಿ ಜೇಡರ ಬಲೆಯಂತೆ ಕಾಣುವ ಸುತ್ತುಗೀರುಗಳಿಗೆ ಇದೇ ಕಾರಣ.
* ಮುಳ್ಳು ಮತ್ತು ಪೈರು: ಇಕ್ಕಟ್ಟಾದ ಹಾದಿಗಳಲ್ಲಿ ಚಾಚಿದ ಬಳ್ಳಾರಿ ಜಾಲಿಯ ಕೊಂಬೆಗಳು, ಕಬ್ಬು ಹೇರಿದ ಟ್ರ್ಯಾಕ್ಟರುಗಳ ಹೊರಚಾಚಿದ ಜಲ್ಲೆಗಳು ಬಾಗಿಲುಗಳ ಮೇಲೆ ಉದ್ದುದ್ದ ಗೆರೆ ಎಳೆಯುತ್ತವೆ.
* ನಿಲುಗಡೆ: ಹುಣ್ಣಿಮೆ, ದತ್ತ ಜಯಂತಿಯಂಥ ದಿನಗಳ ದಟ್ಟಣೆಯಲ್ಲಿ ಬಂಪರಿನ ಅಂಚುಗಳು ಪಕ್ಕದ ವಾಹನಕ್ಕೆ ತಗಲುತ್ತವೆ.
* ಪೂಜೆ: ಬಾನೆಟ್ಟಿಗೆ ಹಚ್ಚಿದ ಅರಿಶಿನ, ಕುಂಕುಮ ಒಣಗಿದ ಮೇಲೆ ಒಣಬಟ್ಟೆಯಿಂದ ಉಜ್ಜಿದರೆ ಗೀರು ಬೀಳುತ್ತದೆ. ಧಾರಾಳ ನೀರು ಸುರಿದು, ನೆನೆಸಿ ತೊಳೆದರೆ ಗೀರಿಗೆ ಆಸ್ಪದವಿಲ್ಲ.

ಆಳವನ್ನು ಅಳೆಯುವ ಕ್ರಮ

ಪರೀಕ್ಷೆಗೆ ಮೊದಲು ಆ ಭಾಗವನ್ನು ನೀರಿನಿಂದ ಚೆನ್ನಾಗಿ ತೊಳೆಯಬೇಕು. ಗೀರೆಂದು ತೋರುವುದು ಅನೇಕ ವೇಳೆ ಮತ್ತೊಂದು ವಾಹನದ ಬಣ್ಣ ಮೆತ್ತಿಕೊಂಡ ಗುರುತಾಗಿರುತ್ತದೆ. ಅದು ರಬ್ಬಿಂಗ್ ಕಾಂಪೌಂಡಿನಿಂದ ಹೋಗುತ್ತದೆ.

* ನೀರಿನ ಪರೀಕ್ಷೆ: ಗೀರಿನ ಮೇಲೆ ನೀರು ಹಚ್ಚಿದಾಗ ಅದು ಮಾಯವಾದರೆ ಪಾರದರ್ಶಕ ಪದರದೊಳಗೇ ಇದೆ ಎಂದು ತಿಳಿಯಬಹುದು. ಇದಕ್ಕೆ ಪಾಲಿಶ್ ಸಾಕು.
* ಉಗುರಿನ ಪರೀಕ್ಷೆ: ಗೀರಿಗೆ ಅಡ್ಡವಾಗಿ ಉಗುರನ್ನು ಮೆಲ್ಲಗೆ ಎಳೆದಾಗ ಸಿಕ್ಕಿಕೊಂಡರೆ ಗೀರು ಆಳವಾಗಿದೆ. ಪಾಲಿಶ್ ಅದರ ಅಂಚನ್ನು ಮೃದುವಾಗಿಸಬಹುದು, ಪೂರ್ತಿ ಅಳಿಸಲಾರದು.
* ಬಣ್ಣದ ಪರೀಕ್ಷೆ: ಗೀರಿನ ತಳದಲ್ಲಿ ಬೂದು ಅಥವಾ ಬಿಳಿ ಕಂಡರೆ ಪ್ರೈಮರ್ ಬಯಲಾಗಿದೆ. ಲೋಹದ ಹೊಳಪು ಅಥವಾ ಕಂದು ಬಣ್ಣ ಕಂಡರೆ ಗೀರು ಉಕ್ಕನ್ನು ಮುಟ್ಟಿದೆ. ಕಂದು ಎಂದರೆ ತುಕ್ಕು ಆರಂಭವಾಗಿದೆ.
* ದಪ್ಪಮಾಪಕ: ಬಣ್ಣದ ದಪ್ಪವನ್ನು ಮೈಕ್ರಾನ್‌ಗಳಲ್ಲಿ ತೋರಿಸುವ ಉಪಕರಣ. ಒಂದು ಭಾಗದ ದಪ್ಪ ಉಳಿದ ಭಾಗಗಳಿಗಿಂತ ಬಹಳ ಹೆಚ್ಚಿದ್ದರೆ ಅಲ್ಲಿ ಹಿಂದೆಯೇ ಮರುಬಣ್ಣವಾಗಿದೆ ಎಂದರ್ಥ. ಹಳೆಯ ಕಾರು ಕೊಳ್ಳುವವರು ಅಪಘಾತದ ಗುರುತು ಹುಡುಕುವುದು ಹೀಗೆಯೇ.

ಪಾಲಿಶ್

ಪಾಲಿಶ್ ಗೀರನ್ನು ತುಂಬುವುದಿಲ್ಲ. ಗೀರಿನ ಸುತ್ತಲಿನ ಮೇಲ್ಮೈಯನ್ನು ಅದರ ತಳದ ಮಟ್ಟಕ್ಕೆ ಇಳಿಸುತ್ತದೆ. ಮೊದಲು ಒರಟು ಕಾಂಪೌಂಡ್, ಬಳಿಕ ನಯವಾದ ಪಾಲಿಶ್, ಕೊನೆಗೆ ರಕ್ಷಣೆಗಾಗಿ ವ್ಯಾಕ್ಸ್ ಎಂಬುದು ಸಾಮಾನ್ಯ ಕ್ರಮ. ತುಸು ಆಳವಾದ ಗೀರಿಗೆ 2000 ಅಥವಾ 3000 ಅಂಕದ ವಾಟರ್ ಪೇಪರಿನಿಂದ ಒದ್ದೆಯಾಗಿ ತೀಡಿ ಪಾಲಿಶ್ ಮಾಡುತ್ತಾರೆ. ಬಾಗಿಲಿನ ಅಂಚು ಮತ್ತು ಮೈಯ ಏಣುಗಳಲ್ಲಿ ಬಣ್ಣ ತೆಳುವಾಗಿರುವುದರಿಂದ ಅಲ್ಲಿ ಯಂತ್ರವನ್ನು ಒತ್ತಿ ಹಿಡಿದರೆ ಕ್ಷಣಮಾತ್ರದಲ್ಲಿ ಪದರ ಸುಟ್ಟುಹೋಗುತ್ತದೆ. ಬಿಸಿಲಿಗೆ ಕಾದ ಮೈಮೇಲೆ ಪಾಲಿಶ್ ಮಾಡಬಾರದು. ಬೇಸಿಗೆಯ ತಾಪ 40 ಡಿಗ್ರಿ ಸೆಲ್ಸಿಯಸ್ ದಾಟುವ ಕಲಬುರಗಿ ಸೀಮೆಯಲ್ಲಿ ನೆರಳು ಮತ್ತು ಬೆಳಗಿನ ಹೊತ್ತು ಈ ಕೆಲಸಕ್ಕೆ ಯೋಗ್ಯ. ಕೇವಲ ವ್ಯಾಕ್ಸ್ ಹಚ್ಚಿದಾಗ ಗೀರು ಮರೆಯಾದಂತೆ ತೋರಿದರೂ ಕೆಲವು ಸಲ ತೊಳೆದ ಬಳಿಕ ಮತ್ತೆ ಕಾಣಿಸಿಕೊಳ್ಳುತ್ತದೆ.

ಟಚಪ್

ಪಾಲಿಶ್ ಮತ್ತು ಮರುಬಣ್ಣಗಳ ನಡುವೆ ಮೂರನೆಯ ಮಾರ್ಗವೊಂದಿದೆ. ಗೀರು ಕಿರಿದಾಗಿದ್ದು ಪ್ರೈಮರ್ ಅಥವಾ ಉಕ್ಕು ಬಯಲಾಗಿದ್ದರೆ, ತುಕ್ಕನ್ನು ತೆಗೆದು, ಪ್ರೈಮರ್ ತಾಗಿಸಿ, ಕಾರಿನದೇ ವರ್ಣಸಂಖ್ಯೆಯ ಬಣ್ಣವನ್ನು ಸಣ್ಣ ಕುಂಚದಿಂದ ತುಂಬಬಹುದು. ಹತ್ತಿರದಿಂದ ನೋಡಿದವರಿಗೆ ಗುರುತು ಕಂಡೇ ಕಾಣುತ್ತದೆ. ಆದರೆ ಉಕ್ಕಿಗೆ ನೀರು ತಗಲುವುದಿಲ್ಲ. ಅಂದಕ್ಕಿಂತ ಬಾಳಿಕೆ ಮುಖ್ಯವೆನ್ನುವವರಿಗೆ ಮತ್ತು ಹಳೆಯ ಕಾರುಗಳಿಗೆ ಇದು ಮಿತವ್ಯಯದ ಮಾರ್ಗ.

ಮರುಬಣ್ಣ

ಗೀರು ಉದ್ದವಾಗಿ ಉಕ್ಕಿನವರೆಗೆ ಇಳಿದಿದ್ದರೆ, ಜೊತೆಗೆ ತಗ್ಗು ಬಿದ್ದಿದ್ದರೆ, ಇಲ್ಲವೆ ಪಾರದರ್ಶಕ ಪದರವೇ ಸಿಪ್ಪೆ ಏಳುತ್ತಿದ್ದರೆ ಮರುಬಣ್ಣ ಅನಿವಾರ್ಯ. ಸಿಪ್ಪೆ ಎದ್ದ ಬಣ್ಣಕ್ಕೆ ಪಾಲಿಶ್ ಮದ್ದಲ್ಲ. ತೀಡುವುದು, ಪುಟ್ಟಿ ತುಂಬುವುದು, ಪ್ರೈಮರ್, ಮೂಲವರ್ಣ, ಪಾರದರ್ಶಕ ಪದರ, ಒಣಗಿಸುವುದು ಎಂಬ ಹಂತಗಳಲ್ಲಿ ಈ ಕೆಲಸ ಸಾಗುತ್ತದೆ.

ಕಾರ್ಖಾನೆಯಲ್ಲಿ ಬರಿಯ ಒಡಲಿಗೆ ಬಣ್ಣ ಹಚ್ಚುವುದರಿಂದ ಮೇಲ್ಪದರಗಳನ್ನು ಸುಮಾರು 140 ಡಿಗ್ರಿ ಶಾಖದಲ್ಲಿ ಬೇಯಿಸಬಹುದು. ಜೋಡಣೆಯಾದ ಕಾರಿನಲ್ಲಿ ಪ್ಲಾಸ್ಟಿಕ್, ವೈರಿಂಗ್ ಮುಂತಾದವು ಇರುವುದರಿಂದ ಮರುಬಣ್ಣವನ್ನು ಸುಮಾರು 60 ಡಿಗ್ರಿಯಲ್ಲಿ ಒಣಗಿಸುತ್ತಾರೆ. ಬಯಲಿನಲ್ಲಿ ಸಿಂಪಡಿಸಿದ ಬಣ್ಣದ ಮೇಲೆ ಹಸಿಯಾಗಿರುವಾಗಲೇ ಧೂಳು ಕೂರುತ್ತದೆ. ಮುಚ್ಚಿದ ಪೇಂಟ್ ಬೂತ್ ಇರುವ ಕಾರ್ಯಾಗಾರವನ್ನು ಆರಿಸುವುದು ಮೇಲು. ಹೊಸ ಬಣ್ಣದೊಳಗಿನ ದ್ರಾವಕ ಆವಿಯಾಗಿ ಹೋಗಲು ಸುಮಾರು ಒಂದು ತಿಂಗಳು ವ್ಯಾಕ್ಸ್ ಹಚ್ಚದಿರುವುದು ರೂಢಿ.

ಬಣ್ಣ ಹೊಂದಿಸುವುದು ಮರುಬಣ್ಣದ ಕಠಿಣ ಹಂತ. ವರ್ಣಸಂಖ್ಯೆ ಒಂದೇ ಆದರೂ ಬಿಸಿಲಿಗೆ ಮಾಸಿದ ಹಳೆಯ ಬಣ್ಣಕ್ಕೂ ಹೊಸದಕ್ಕೂ ವ್ಯತ್ಯಾಸ ತೋರುತ್ತದೆ. ಬೆಳ್ಳಿಯಂಥ ಮೆಟಾಲಿಕ್ ವರ್ಣಗಳಲ್ಲಿ ಅಲ್ಯೂಮಿನಿಯಂ ಚೂರುಗಳು ಕೂರುವ ಕೋನ ಬದಲಾದರೂ ಛಾಯೆ ಬೇರೆಯಾಗುತ್ತದೆ. ಅದಕ್ಕಾಗಿ ನುರಿತ ಪೇಂಟರುಗಳು ಪಕ್ಕದ ಭಾಗಕ್ಕೂ ಬಣ್ಣವನ್ನು ತೆಳುವಾಗಿ ಹರಡಿ ಹೊಂದಿಸುತ್ತಾರೆ.

ಖರ್ಚು, ವಿಮೆ ಮತ್ತು ನೋಂದಣಿ

ಚಿಕ್ಕ ಗೀರಿಗೆ ವಿಮೆಯ ಹಣ ಕೇಳುವುದು ಲಾಭವೋ ನಷ್ಟವೋ ಎಂಬುದನ್ನು ಲೆಕ್ಕ ಹಾಕಿ ನೋಡಬೇಕು. ರೂಢಿಯ ಸಮಗ್ರ ಪಾಲಿಸಿಯಲ್ಲಿ 1500 ಸಿಸಿವರೆಗಿನ ಖಾಸಗಿ ಕಾರಿನ ಮಾಲೀಕ ಪ್ರತಿ ಕ್ಲೇಮಿನಲ್ಲಿ ಮೊದಲ 1000 ರೂಪಾಯಿಯನ್ನು ತಾನೇ ಭರಿಸಬೇಕು. ಒಟ್ಟು ಪೇಂಟಿಂಗ್ ಬಿಲ್ಲಿನ ಶೇ. 25ನ್ನು ಸಾಮಗ್ರಿಯ ಬೆಲೆಯೆಂದು ಗಣಿಸಿ, ಅದರಲ್ಲಿ ಶೇ. 50ನ್ನು ಸವಕಳಿಯೆಂದು ಕಳೆಯುತ್ತಾರೆ. ಕ್ಲೇಮ್ ಮಾಡದ ವರ್ಷಗಳಿಗೆ ಸ್ವಂತ ಹಾನಿ ವಿಭಾಗದ ಪ್ರೀಮಿಯಂನಲ್ಲಿ ಕ್ರಮವಾಗಿ ಶೇ. 20, 25, 35, 45, 50 ರಿಯಾಯಿತಿ ದೊರೆಯುತ್ತದೆ. ಒಂದು ಕ್ಲೇಮ್ ಮಾಡಿದರೆ ಅದು ಸೊನ್ನೆಗೆ ಇಳಿಯುತ್ತದೆ.

ಉದಾಹರಣೆಗೆ, ಪೇಂಟಿಂಗ್ ಬಿಲ್ 4000 ರೂಪಾಯಿ ಎಂದಿಟ್ಟುಕೊಳ್ಳೋಣ. ಸವಕಳಿ 500, ಮಾಲೀಕನ ಪಾಲು 1000 ಕಳೆದರೆ ಕೈಗೆ ಬರುವುದು 2500. ರಿಯಾಯಿತಿಗೆ ಮೊದಲಿನ ಪ್ರೀಮಿಯಂ 8000 ಇದ್ದು, ಮುಂದಿನ ವರ್ಷ ಶೇ. 45 ದೊರೆಯಬೇಕಿದ್ದರೆ ಕಳೆದುಕೊಳ್ಳುವುದು 3600. ಇಂಥಲ್ಲಿ ಕೈಯಿಂದಲೇ ಖರ್ಚು ಮಾಡುವುದು ಜಾಣತನ. ಕಂಪನಿಗೂ ಪಾಲಿಸಿಗೂ ಷರತ್ತುಗಳು ಬೇರೆಯಾಗಬಹುದಾದ ಕಾರಣ ತಮ್ಮ ಪಾಲಿಸಿ ಪತ್ರವನ್ನು ಓದಿ ನಿರ್ಧರಿಸತಕ್ಕದ್ದು.

ಮೂಲ ಬಣ್ಣವನ್ನೇ ಮತ್ತೆ ಹಚ್ಚಿಸಲು ಸಾರಿಗೆ ಇಲಾಖೆಯ ಅನುಮತಿ ಬೇಕಿಲ್ಲ. ಬೇರೆ ಬಣ್ಣಕ್ಕೆ ಬದಲಾಯಿಸಿದರೆ, ನೋಂದಣಿ ಪತ್ರದಲ್ಲಿ ಕಾರಿನ ಬಣ್ಣ ನಮೂದಾಗಿರುವುದರಿಂದ, ಪ್ರಾದೇಶಿಕ ಸಾರಿಗೆ ಕಚೇರಿಯಲ್ಲಿ ಅದನ್ನು ತಿದ್ದಿಸಬೇಕಾಗುತ್ತದೆ.

ಕೆಲಸಗಾರರ ಆರೋಗ್ಯ

ಎರಡು ಭಾಗಗಳನ್ನು ಬೆರೆಸಿ ಸಿಂಪಡಿಸುವ ಪಾಲಿಯುರಿಥೇನ್ ಬಣ್ಣಗಳ ಗಟ್ಟಿಕಾರಕದಲ್ಲಿ ಐಸೋಸಯನೇಟ್ ಎಂಬ ರಾಸಾಯನಿಕವಿರುತ್ತದೆ. ಇದರ ಮಂಜನ್ನು ಉಸಿರಾಡುವುದರಿಂದ ಪೇಂಟರುಗಳಿಗೆ ಉಬ್ಬಸ ಬರುವ ಅಪಾಯವಿದೆ. ಒಮ್ಮೆ ಅಂಟಿಕೊಂಡರೆ ಅಲ್ಪ ಪ್ರಮಾಣವೂ ಮರುಕಳಿಸಲು ಸಾಕು. ಮೂಗಿಗೆ ಕಟ್ಟಿದ ಕರವಸ್ತ್ರವಾಗಲಿ ಸಾಮಾನ್ಯ ಧೂಳು ಮಾಸ್ಕ್ ಆಗಲಿ ಇದನ್ನು ತಡೆಯುವುದಿಲ್ಲ. ಹೊರಗಿನಿಂದ ಶುದ್ಧ ಗಾಳಿ ಪೂರೈಸುವ ಮುಖಕವಚವೇ ಬೇಕು. ಅನಗತ್ಯ ಮರುಬಣ್ಣವನ್ನು ತಪ್ಪಿಸಲು ಇದೂ ಒಂದು ಕಾರಣ.

ಆಯ್ಕೆಯ ಸಾರಾಂಶ

* ನೀರು ಹಚ್ಚಿದಾಗ ಮಾಯವಾಗುವ ಗೀರು: ಪಾಲಿಶ್.
* ಉಗುರಿಗೆ ಸಿಕ್ಕುವ, ಆದರೆ ಮೂಲವರ್ಣ ಉಳಿದಿರುವ ಗೀರು: ಪಾಲಿಶ್ ಮಾಡಿ, ಉಳಿದ ಗುರುತನ್ನು ಹಾಗೆಯೇ ಬಿಡಬಹುದು.
* ಪ್ರೈಮರ್ ಕಾಣುವ ಚಿಕ್ಕ ಗೀರು: ಟಚಪ್.
* ಉಕ್ಕು ಕಾಣುವ ಗೀರು: ಮಳೆಗಾಲಕ್ಕೆ ಮುನ್ನ ಟಚಪ್, ಉದ್ದವಾಗಿದ್ದರೆ ಆ ಭಾಗಕ್ಕೆ ಮರುಬಣ್ಣ.
* ಪ್ಲಾಸ್ಟಿಕ್ ಬಂಪರಿನ ಗೀರು: ತುಕ್ಕು ಹಿಡಿಯದು, ಎಷ್ಟೇ ಆಳವಾಗಿದ್ದರೂ ಅವಸರವಿಲ್ಲ.
* ಸಿಪ್ಪೆ ಏಳುವ ಬಣ್ಣ: ಮರುಬಣ್ಣ.