ನಾಯಿಗಳಲ್ಲಿ ಚಾಕೊಲೇಟ್ ವಿಷಬಾಧೆ

ಕೋಕೋ ಬೀಜದಲ್ಲಿರುವ ಥಿಯೋಬ್ರೊಮಿನ್ ಮತ್ತು ಕೆಫೀನ್ ಎಂಬ ಆಲ್ಕಲಾಯ್ಡ್‌ಗಳಿಂದ ನಾಯಿಗಳಿಗೆ ಉಂಟಾಗುವ, ಕೆಲವೊಮ್ಮೆ ಮಾರಕವೂ ಆಗುವ ತೊಂದರೆಯನ್ನು ಚಾಕೊಲೇಟ್ ವಿಷಬಾಧೆ ಎನ್ನುತ್ತಾರೆ. ಥಿಯೋಬ್ರೊಮಿನನ್ನು ಮನುಷ್ಯನ ದೇಹ ಬೇಗನೆ ಹೊರಹಾಕುತ್ತದೆ. ನಾಯಿಯಲ್ಲಿ ಅದರ ಪ್ರಮಾಣ ಅರ್ಧಕ್ಕೆ ಇಳಿಯಲು ಸುಮಾರು 17 ಗಂಟೆ ಬೇಕು. ಮಕ್ಕಳು ಅರಗಿಸಿಕೊಳ್ಳುವ ತಿನಿಸು ನಾಯಿಗೆ ವಿಷವಾಗುವುದು ಈ ಕಾರಣದಿಂದ.

ದೇಹತೂಕದ ಪ್ರತಿ ಕಿಲೋಗ್ರಾಂಗೆ ಸುಮಾರು 20 ಮಿಲಿಗ್ರಾಂ ಥಿಯೋಬ್ರೊಮಿನ್ ಸೇರಿದರೆ ವಾಂತಿ, ಭೇದಿ, ಬಾಯಾರಿಕೆ, ಚಡಪಡಿಕೆ ಕಾಣಿಸುತ್ತವೆ. 40ರಿಂದ 50 ಮಿಲಿಗ್ರಾಂ ಆದಾಗ ಹೃದಯಬಡಿತ ಏರುಪೇರಾಗುತ್ತದೆ. 60 ದಾಟಿದರೆ ಸೆಳೆತ ಬರಬಹುದು. ಒಂದು ಗ್ರಾಂ ಹಾಲಿನ ಚಾಕೊಲೇಟಿನಲ್ಲಿ ಸುಮಾರು 2 ಮಿಲಿಗ್ರಾಂ, ಕಪ್ಪು ಚಾಕೊಲೇಟಿನಲ್ಲಿ ಸುಮಾರು 5, ಕೋಕೋ ಪುಡಿಯಲ್ಲಿ 20ಕ್ಕೂ ಹೆಚ್ಚು ಇರಬಹುದು. ಬಿಳಿ ಚಾಕೊಲೇಟಿನಲ್ಲಿ ಇದು ನಗಣ್ಯ. ರಾಮದುರ್ಗಕ್ಕೆ ಸಮೀಪದ ಮುಧೋಳದ ಹೆಸರಾಂತ ಬೇಟೆನಾಯಿಯನ್ನೇ ಉದಾಹರಣೆಗೆ ತೆಗೆದುಕೊಂಡರೆ, 25 ಕಿಲೋ ತೂಗುವ ನಾಯಿಗೆ 100 ಗ್ರಾಂ ಕಪ್ಪು ಚಾಕೊಲೇಟು ಬಾಧೆ ತರುತ್ತದೆ. ಮನೆಯೊಳಗೆ ಸಾಕುವ 5 ಕಿಲೋದ ಪೊಮೆರೇನಿಯನ್‌ಗೆ 20 ಗ್ರಾಂ ಸಾಕು.

ಲಕ್ಷಣಗಳು ಸಾಮಾನ್ಯವಾಗಿ 6ರಿಂದ 12 ಗಂಟೆಗಳಲ್ಲಿ ತೋರುತ್ತವೆ. ಅಲ್ಲಿಯವರೆಗೆ ನಾಯಿ ಆಡಿಕೊಂಡೇ ಇರುವುದರಿಂದ ಮನೆಯವರು ಕಾದು ನೋಡುತ್ತಾರೆ. ಚಿಕಿತ್ಸೆಗೆ ಒದಗುವ ಸಮಯ ಕಳೆದುಹೋಗುವುದು ಹೀಗೆಯೇ. ಇದಕ್ಕೆ ಪ್ರತಿವಿಷವಿಲ್ಲ. ತಿಂದ ಒಂದೆರಡು ಗಂಟೆಯೊಳಗೆ ಕರೆತಂದರೆ ಪಶುವೈದ್ಯರು ವಾಂತಿ ಮಾಡಿಸಿ, ಸಕ್ರಿಯ ಇದ್ದಿಲು ಕೊಟ್ಟು, ಅಗತ್ಯವಿದ್ದರೆ ಸಲೈನ್ ಏರಿಸುತ್ತಾರೆ. ಮನೆಯಲ್ಲಿ ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವುದು ಅಪಾಯಕರ. ರಕ್ತದಲ್ಲಿ ಸೋಡಿಯಂ ಏರಿ ಅದೇ ಪ್ರಾಣಕ್ಕೆ ಎರವಾಗಬಹುದು. ಚಾಕೊಲೇಟಿನ ಹೊದಿಕೆಯನ್ನು ಜೊತೆಗೆ ಒಯ್ದರೆ ತಿಂದ ಬಗೆ, ಪ್ರಮಾಣ ವೈದ್ಯರಿಗೆ ತಿಳಿಯುತ್ತದೆ.